ಕೆಂಚ ಯಾರ ನಾಯಿ?

ನಾಯಿ ಕಡಿತದ ಬಗ್ಗೆ ನನಗೆ ಎಳ್ಳಷ್ಟೂ ಭಯವಿರಲಿಲ್ಲ. ಊರಿನವರನ್ನೆಲ್ಲ ಕಡಿದರೂ ಈ ಹಾಲವ್ವನನ್ನು ಮಾತ್ರ ಯಾವ ನಾಯಿಯೂ ಮುಟ್ಟುವುದಿಲ್ಲ ಎಂಬ ಭರವಸೆ ಇತ್ತು. ಕಾರಣ ಸರಳ. ನಮ್ಮ ಮನೆದೇವರು ಮೈಲಾರಲಿಂಗ. ನಾಯಿ ಅವನ ಪರಿವಾರದ್ದು. ಅವನ ಸೇವೆಯ ಗೊರವಯ್ಯಗಳೇ ನಾಯಿಯ ಹಾಗೆ ಬೊಗಳುತ್ತಾ ದೋಣಿ ಎಂಬ ಪಾತ್ರೆಯಲ್ಲಿ ಹಾಕಿದ ಪ್ರಸಾದಕ್ಕೆ ಬಾಯಿ ಹಾಕುತ್ತಾರೆ. ಅಂಥ ದೇವರ ಒಕ್ಕಲು ನಾವು. ಪ್ರತಿ ಭಾನುವಾರ ನಮ್ಮ ಬಾಯಿಗೆ ತುತ್ತು ಹೋಗುವ ಮೊದಲು ಓಣಿಯ ನಾಯಿ ಕೆಂಚನಿಗೆ ಎಡೆ ಇಡುತ್ತೇನೆ. ಹಣೆಗೆ ಭಂಡಾರದ ಅರಿಶಿನ ಹಚ್ಚಿ, ಕೈ ಮುಗಿದು, ಆಮೇಲೆ ನಮ್ಮ ಊಟ. ಕೊಟ್ಟೂರಿನ ಸಂತೆಯಲ್ಲಿ ಕೊಂಡ ಹಿತ್ತಾಳೆ ಗೆಜ್ಜೆಯನ್ನೂ ಅದರ ಕೊರಳಿಗೆ ಕಟ್ಟಿದ್ದೆ. ಇಷ್ಟು ಸೇವೆ ಮಾಡಿದವಳಿಗೆ ಹಲ್ಲು ಹಚ್ಚುವಂಥ ನಾಯಿ ಭೂಲೋಕದಲ್ಲಿ ಇರಲಿಕ್ಕಿಲ್ಲ ಎಂದುಕೊಂಡಿದ್ದೆ.

ಇತ್ತು!

ಆ ಭಾನುವಾರ ಕಡುಬು ಮಾಡಿದ್ದೆ. ತಟ್ಟೆಯನ್ನು ಕೆಂಚನ ಮುಂದಿಟ್ಟು, ಕಣ್ಣು ಮುಚ್ಚಿ "ಏಳುಕೋಟಿಗೋ" ಎಂದು ಮೈಲಾರಲಿಂಗನನ್ನು ನೆನೆದೆ. ಕಣ್ಣು ಮುಚ್ಚಿದಾಗಲೇ ನೆನಪಾಯಿತು, ಕಡುಬಿಗೆ ತುಪ್ಪವನ್ನೇ ಹಾಕಿಲ್ಲ! ತುಪ್ಪವಿಲ್ಲದ ಎಡೆ ದೇವರಿಗೆ ಸಲ್ಲುವುದಾದರೂ ಹೇಗೆ? ತಟ್ಟನೆ ತಟ್ಟೆಯನ್ನು ಹಿಂದಕ್ಕೆ ಎಳೆದೆ. ಕೆಂಚ ಆಗಲೇ ಕಡುಬಿಗೆ ಬಾಯಿ ಹಾಕಿದ್ದ. ತುಪ್ಪದ ಚಿಂತೆ ಅವನಿಗಿರಲಿಲ್ಲ. ಮರುಕ್ಷಣ ನನ್ನ ಮುಂಗೈ ಅವನ ಬಾಯಲ್ಲಿತ್ತು.

ನನ್ನ ಕೂಗು ಕೇಳಿ ಪಕ್ಕದ ಮನೆಯ ಗಂಗಕ್ಕ ಕಸಬರಿಗೆ ಹಿಡಿದು ಓಡಿಬಂದಳು. ನಾಯಿಗೆಂದು ಬೀಸಿದ ಏಟು ನನ್ನ ಬೆನ್ನಿಗೆ ಬಿತ್ತು. ಎರಡನೆಯದು ಕೆಂಚನಿಗೆ ಬಿತ್ತು. ಅವನು ಗಾಬರಿಯಾಗಿ ಗಂಗಕ್ಕನ ಸೀರೆ ಹರಿದು, ಅವಳ ಮೀನಖಂಡಕ್ಕೂ ಹಲ್ಲು ತಾಗಿಸಿ ಓಡಿಹೋದ.

ಹಿಟ್ಟಿನ ಗಿರಣಿ ನಡೆಸುವ ನನ್ನ ಯಜಮಾನರು ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿಕೊಂಡೇ ಬಂದರು.

"ಏನಾತಲೇ?"

"ಮೈಲಾರಲಿಂಗ ಕಡದಾನ್ರಿ!" ಎಂದು ನಾನು ಅಳತೊಡಗಿದೆ.

ಅವರು ನನ್ನ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ.

ಸರಕಾರಿ ಆಸ್ಪತ್ರೆಯಲ್ಲಿ ಗಾಯವನ್ನು ಸೋಪು ಹಾಕಿ ತೊಳೆದರು, ಚುಚ್ಚುಮದ್ದು ಕೊಟ್ಟರು. ದೇವರು ದೊಡ್ಡವನು. ಕಡಿದದ್ದು ಎಡಗೈ, ರೊಟ್ಟಿ ಬಡಿಯುವ ಬಲಗೈ ಉಳಿಯಿತು. ಸೂಜಿಯೂ ಹಿಂದಿನ ಕಾಲದ ಹಾಗೆ ಹೊಟ್ಟೆಗಲ್ಲ, ತೋಳಿಗೆ. ಗಂಗಕ್ಕನಿಗೂ ಅಷ್ಟೇ. ವಿಷಯ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸಂಜೆ ಕೋಟ್ರೇಶಿ ಬಂದ.

ಕೋಟ್ರೇಶಿ ವಿಮೆ ಏಜೆಂಟ. ನಮ್ಮ ಓಣಿಯಲ್ಲಿ ಯಾರಾದರೂ ಕೆಮ್ಮಿದರೆ ಕಷಾಯಕ್ಕಿಂತ ಮೊದಲು ಬರುವವನು ಅವನೇ. ಬಂದವನೇ ನನ್ನ ಕೈಯ ಬ್ಯಾಂಡೇಜನ್ನು ಭಕ್ತಿಯಿಂದ ನೋಡಿದ.

"ನನ್ನ ಅಪಘಾತದ ಪಾಲಿಸಿ ಐತಲ್ಲಪ್ಪ, ಅದ್ರಾಗೇನರ ಬರತೈತೇನು?" ಎಂದು ಕೇಳಿದೆ.

"ಅಡ್ಮಿಟ್ ಆಗಿದ್ರೇನ್ರಿ ಯಕ್ಕಾ?"

"ಇಲ್ಲಪ್ಪ."

"ಬೆರಳು ಗಿರಳು ಹೋಗ್ಯಾವೇನ್ರಿ?"

"ದೇವರ ದಯಾ, ಎಲ್ಲಾ ಅದಾವು."

"ಹಂಗಾದ್ರ ಬರಂಗಿಲ್ಲ ಬಿಡ್ರಿ" ಎಂದು ಅವನು ನನ್ನ ಬೆರಳುಗಳನ್ನು ಬಹಳ ನಿರಾಶೆಯಿಂದ ನೋಡಿದ. ಆಮೇಲೆ ಮುಖ ಅರಳಿತು. "ಆದ್ರ ಬೀದಿ ನಾಯಿ ಕಡದ್ರ ಪಂಚಾಯ್ತಿಯಿಂದ ಪರಿಹಾರ ಐತ್ರಿ. ಅರ್ಜಿ ಕೊಟ್ಬಿಡ್ರಿ."

"ಸಾಕಿದ ನಾಯಿ ಆದ್ರ?" ಎಂದರು ಯಜಮಾನರು.

"ಸಾಕಿದವ್ರು ಕೊಡಬೇಕ್ರಿ ಅಣ್ಣಾ."

"ಸಾಕಿದವ್ರನ್ನ ಕಡದ್ರ?"

ಕೋಟ್ರೇಶಿ ತಲೆ ಕೆರೆದುಕೊಂಡ. "ಅದು ಮನಿಯೊಳಗಿನ ವ್ಯವಹಾರ ಬಿಡ್ರಿ."

ನನಗೆ ಒಂದೂ ಸರಿಯಾಗಿ ತಿಳಿಯಲಿಲ್ಲ. ಆದರೆ ಗಂಗಕ್ಕ "ಬರೋದನ್ನ ಬ್ಯಾಡ ಅನಬಾರದವ್ವಾ ಹಾಲವ್ವಾ" ಎಂದು ತನ್ನದೂ ಒಂದು ಅರ್ಜಿ ಬರೆಸಿದಳು. ನನ್ನ ಅರ್ಜಿಯಲ್ಲಿ ಕೋಟ್ರೇಶಿ "ಸದರಿ ನಾಯಿಗೂ ಅರ್ಜಿದಾರಳಿಗೂ ಯಾವುದೇ ಸಂಬಂಧ ಇರುವುದಿಲ್ಲ" ಎಂದು ಗಟ್ಟಿಯಾಗಿ ಓದುತ್ತಾ ಬರೆದ. ಸಹಿ ಮಾಡಿದೆ. ದೇವರ ಮುಂದೆ ದೀಪ ಹಚ್ಚಿ, "ಇದು ಕಾಗದದ ಮಾತಪ್ಪಾ, ಮನಸ್ಸಿಂದಲ್ಲ" ಎಂದು ವಿವರಿಸಿದೆ. ದೇವರು ಸುಮ್ಮನಿದ್ದ. ಒಪ್ಪಿಗೆ ಎಂದುಕೊಂಡೆ.

ವಿಚಾರಣೆಗೆ ಪಂಚಾಯಿತಿಯಿಂದ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಕೆಂಚ ನೋಡಲು ಬೀದಿ ನಾಯಿಯ ಹಾಗಿರಬೇಕಲ್ಲ! ಓಣಿಗೆ ಮರಳಿ ಬಂದಿದ್ದ ಅವನ ಕೊರಳ ಗೆಜ್ಜೆ ಬಿಚ್ಚಿಟ್ಟೆ. ಹಣೆಯ ಭಂಡಾರ ಒರೆಸಿದೆ, ಹೋಗಲಿಲ್ಲ. ನೀರು ಹಾಕಿದೆ, ಹೋಗಲಿಲ್ಲ. ಇಷ್ಟು ವರ್ಷದ ಅರಿಶಿನ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಕೊನೆಗೆ ಅವನನ್ನು ಅಂಗಳಕ್ಕೆ ಎಳೆತಂದು, ಬಿಸಿನೀರು ಕಾಸಿ, ಯಜಮಾನರ ಗಂಧದ ಸೋಪು ಹಾಕಿ ತಿಕ್ಕತೊಡಗಿದೆ. ತಿಕ್ಕಿದಷ್ಟೂ ಹಣೆ ಬಂಗಾರದ ಹಾಗೆ ಹೊಳೆಯಿತು.

"ಅರ್ಜಿದಾರರು ಯಾರ್ರಿ?"

ತಿರುಗಿ ನೋಡಿದೆ. ಸಾಹೇಬರು! ಜೊತೆಯಲ್ಲಿ ಸಾಕ್ಷಿ ಹೇಳಲು ಉತ್ಸಾಹದಿಂದ ಬಂದ ಗಂಗಕ್ಕ. ಕೆಂಚನ ಮೈತುಂಬ ನೊರೆ, ನನ್ನ ಕೈತುಂಬ ಕೆಂಚ.

"ಈ ನಾಯಿಗೂ ನಿಮಗೂ ಸಂಬಂಧ ಇಲ್ಲ ಅಂತ ಬರದೀರಿ?"

"ಇಲ್ರೀ ಸಾಹೇಬ್ರ. ಎಳ್ಳಷ್ಟೂ ಇಲ್ಲ."

"ಮತ್ತ ಜಳಕ ಮಾಡಸಾಕ್ಹತ್ತೀರಿ?"

"ಅದು... ನೀವು ನೋಡಾಕ ಬರ್ತೀರಲ್ಲ, ನಾಯಿ ಸ್ವಚ್ಛ ಇರಲಿ ಅಂತ..."

ನನಗೆ ಸಹಾಯ ಮಾಡಲು ಗಂಗಕ್ಕ ಮುಂದೆ ಬಂದಳು. ಆ ಸಹಾಯವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. "ಸಾಹೇಬ್ರ, ಈಕಿ ಸುಳ್ಳು ಹೇಳೋ ಪೈಕಿ ಅಲ್ರಿ. ಭಾಳ ದೇವರಂಥಾಕಿ! ಗಂಡ ಹಸಗೊಂಡು ಕುಂತಿದ್ರೂ ಮೊದ್ಲು ಈ ನಾಯಿಗೆ ಎಡಿ ಇಡ್ತಾಳ. ಊರಿಗೆ ಹೋಗಬೇಕಾದ್ರ, ನಮ್ಮ ಕೆಂಚಗ ಹೊತ್ತಿಗೆ ಸರಿಯಾಗಿ ರೊಟ್ಟಿ ಹಾಕು ಗಂಗಕ್ಕಾ ಅಂತ ನನಗ ಒಪ್ಪಿಸಿ ಹೋಗ್ತಾಳ. ಹೆತ್ತ ಮಗಗೂ ಯಾರೂ ಇಷ್ಟು ಮಾಡಂಗಿಲ್ಲ ನೋಡ್ರಿ!"

ಸೋಪಿನ ಕೈಯಲ್ಲೇ ಅವಳನ್ನು ಚಿವುಟಿದೆ. ಜಾರಿತು.

ಸಾಹೇಬರು ಪೆನ್ನು ಮುಚ್ಚಿ ನಿಧಾನವಾಗಿ ಹೇಳಿದರು. "ನೋಡ್ರಿ ಅಮ್ಮಾ, ಎರಡರಾಗ ಒಂದು ಹೇಳ್ರಿ. ಬೀದಿ ನಾಯಿ ಅಂದ್ರ ಅರ್ಜಿ ಮುಂದಕ್ಕ ಹೋಗತೈತಿ. ಕಡದ ನಾಯಿನ್ನ ನಮ್ಮ ಗಾಡಿ ಬಂದು ಹಿಡಕೊಂಡು ಹೋಗತೈತಿ. ನಿಮ್ಮ ನಾಯಿ ಅಂದ್ರ ಇಲ್ಲೇ ಇರ್ಲಿ. ಲಸಿಕೆ ಹಾಕಿಸಿ, ಕಟ್ಟಿ ಜ್ವಾಪಾನ ಮಾಡ್ರಿ. ಆದ್ರ ಕಡಿಸ್ಕೊಂಡವ್ರಿಗೆ ಪರಿಹಾರ ನೀವ ಕೊಡಬೇಕು."

"ಕಡಿಸ್ಕೊಂಡಾಕಿನೂ ನಾನ ಅದೀನಲ್ರಿ!"

ಸಾಹೇಬರೂ ಒಂದು ಗಳಿಗೆ ಗಲಿಬಿಲಿಗೊಂಡರು. "ಹಂಗಾದ್ರ... ನಿಮಗ ನೀವ ಕೊಡ್ಕೊಳ್ರಿ."

"ಮತ್ತ ನನಗ?" ಎಂದಳು ಗಂಗಕ್ಕ.

"ನಿಮಗೂ ಇವ್ರ ಕೊಡಬೇಕ್ರಿ."

ಅಲ್ಲಿಯವರೆಗೆ ನನ್ನ ಗುಣಗಾನ ಮಾಡುತ್ತಿದ್ದ ಬಾಯಿ ತಟ್ಟನೆ ಮುಚ್ಚಿತು. ನಾನು ಲೆಕ್ಕ ಹಾಕಿದೆ. ಬೀದಿಯದು ಎಂದರೆ ಕೆಂಚ ಹೋಗುತ್ತಾನೆ. ನಮ್ಮದು ಎಂದರೆ ಗಂಗಕ್ಕ ಬರುತ್ತಾಳೆ. ಗಾಡಿಯಲ್ಲಿ ಹೋದ ನಾಯಿ ವಾಪಸು ಬರುತ್ತದೋ ಇಲ್ಲವೋ ಕೇಳುವ ಧೈರ್ಯ ಬರಲಿಲ್ಲ. ಕೆಂಚ ನೊರೆಯಲ್ಲಿ ಗಡಗಡ ನಡುಗುತ್ತಾ ಸಾಹೇಬರ ಮುಖ, ನನ್ನ ಮುಖ ನೋಡುತ್ತಿದ್ದ. ಓಡಿಹೋಗಬಹುದಿತ್ತು. ನಾನು ಹಿಡಿದೂ ಇರಲಿಲ್ಲ. ನನ್ನ ಕಾಲಿಗೆ ಇನ್ನಷ್ಟು ಒತ್ತಿ ನಿಂತ.

"ನಮ್ಮದರೀ ಸಾಹೇಬ್ರ" ಎಂದೆ. "ಬರಕೊಳ್ರಿ. ನಮ್ಮ ಕೆಂಚ."

ಸಾಹೇಬರು ಬರೆಯಲು ಬಗ್ಗಿದರು. ಅದೇ ಹೊತ್ತಿಗೆ ನಮ್ಮ ಕೆಂಚ ಮೈ ಕೊಡವಿದ. ನೊರೆ ಅವರ ಕನ್ನಡಕಕ್ಕೆ, ಅಂಗಿಗೆ, ಕಾಗದಕ್ಕೆ! ಪುಣ್ಯಾತ್ಮರು ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು, "ಹೌದ್ರಿ, ನಿಮ್ಮದ ಐತಿ" ಎಂದು ಹೊರಟುಹೋದರು.

ಗಂಗಕ್ಕ ಮಾತ್ರ ಹೊರಡಲಿಲ್ಲ.

"ಕಾಲಿಂದು ಬಿಡವ್ವಾ, ವಾಸಿ ಆಗತೈತಿ. ಸೀರಿದು ವಾಸಿ ಆಗತೈತೇನು?"

ಅವಳೇ ಒಳಗೆ ನಡೆದು ನಮ್ಮ ಅಲಮಾರಿಯ ಬಾಗಿಲು ತೆರೆದಳು. ಮೈಲಾರಕ್ಕೆ ಹೋಗುವಾಗ ಉಡಬೇಕೆಂದು ಮಡಿಕೆಯನ್ನೂ ಬಿಚ್ಚದೆ ಇಟ್ಟಿದ್ದ ಗಿಳಿಹಸಿರು ಸೀರೆಯನ್ನೇ ಆರಿಸಿದಳು. ಹರಿದದ್ದು ಹಳೇ ಸೀರೆ ಎಂದು ಹೇಳಲು ಬಾಯಿ ತೆರೆದೆ. "ಪಂಚಾಯ್ತಿಗೆ ಹೋಗಾಣೇನು?" ಎಂದಳು. ಬಾಯಿ ಮುಚ್ಚಿದೆ.

ಸಂಜೆ ಕೋಟ್ರೇಶಿ ಮತ್ತೆ ಹಾಜರ್. "ಯಕ್ಕಾ, ನಾಯಿಗೂ ವಿಮಾ ಐತ್ರಿ! ಇನ್ನು ಮ್ಯಾಲೆ ಇದು ಯಾರನ್ನ ಕಡದ್ರೂ ಕಂಪನಿ ನೋಡ್ಕೊಂತತಿ."

ಇದನ್ನು ಮೊದಲೇ ಹೇಳಬಾರದಿತ್ತೇ? ಕೂಡಲೇ ಒಪ್ಪಿದೆ.

"ನಾಯಿ ಯಾವ ಜಾತಿದ್ರಿ?"

"ಮೈಲಾರಲಿಂಗನ ಪರಿವಾರದ್ದಪ್ಪ."

"ನಾಟಿ ಅಂತ ಬರಕೊಂತೀನಿ."

ಸಹಿ ಮಾಡಿ ಮುಗಿದ ಮೇಲೆ ಏನೋ ಅನುಮಾನ ಬಂತು. "ಕೋಟ್ರೇಶಿ, ಅದು ಮತ್ತ ನನ್ನ ಕಡದ್ರ?"

"ನಿಮಗ ಬರಂಗಿಲ್ರಿ ಯಕ್ಕಾ. ನೀವು ಮಾಲಕ್ರು."

"ನನಗೋ?" ಎಂದರು ಯಜಮಾನರು ಆಸೆಯಿಂದ.

"ನೀವು ಮಾಲಕರ ಗಂಡ. ಆಫೀಸಿನಾಗ ಕೇಳಿ ಹೇಳ್ತೀನ್ರಿ ಅಣ್ಣಾ."

ದೇವರ ದಯೆ, ಈಗ ಎಲ್ಲರೂ ನಿಶ್ಚಿಂತರು. ಗಂಗಕ್ಕನನ್ನು ಕಡಿದರೆ ಪರಿಹಾರ ಉಂಟು. ಹಾಲು ಹಾಕುವವನಿಗೆ ಉಂಟು, ಅಂಚೆಯವನಿಗೆ ಉಂಟು, ದಾರಿಯಲ್ಲಿ ಹೋಗುವವರಿಗೆ ಉಂಟು, ಪಂಚಾಯಿತಿಯ ಸಾಹೇಬರಿಗೂ ಉಂಟು. ಪುಕ್ಕಟೆ ಕಡಿಸಿಕೊಳ್ಳುವ ಹಕ್ಕು ಕಾಯಿದೆ ಪ್ರಕಾರ ಸಿಕ್ಕಿರುವುದು ಇಡೀ ಊರಿನಲ್ಲಿ ನನಗೊಬ್ಬಳಿಗೇ!