ಮಾವನ ಜತೆ ಒಂದು ರೇಸು

ಮಾವ ಅಳಿಯನ ಜತೆ ಮಾತು ಬಿಟ್ಟದ್ದು ಒಂದು ಕೈಗಡಿಯಾರದ ದೆಸೆಯಿಂದ. ಮದುವೆಯ ದಿನ ಅವರು ತಮ್ಮ ವಿದೇಶಿ ವಾಚನ್ನು ನೆಂಟರಿಗೆಲ್ಲ ತೋರಿಸುತ್ತಿದ್ದಾಗ, ವಾಚ್ ರಿಪೇರಿಯೇ ಕಸುಬಾಗಿದ್ದ ಅಳಿಯ ಪಕ್ಕದಿಂದ ಬಗ್ಗಿ ನೋಡಿ, "ನಕಲಿ ಮಾವ ಇದು. ಆದ್ರೆ ಬಹಳ ಚೆನ್ನಾಗಿ ಮಾಡಿದಾರೆ" ಎಂದುಬಿಟ್ಟಿದ್ದ. ತಾನು ಹೊಗಳಿದೆನೆಂದೇ ಅವನ ಭಾವನೆ. ಅಂದಿನಿಂದ ಫೋನಿನಲ್ಲಿ ಅವನ ದನಿ ಕೇಳಿದರೆ ಸಾಕು, ಮಾವ "ರಾಂಗ್ ನಂಬರ್" ಎಂದು ಇಟ್ಟುಬಿಡುತ್ತಿದ್ದರು.

ಮಾವ ಬಸ್ ಓಡಿಸಿ ನಿವೃತ್ತರಾದವರು. ಸ್ಟಿಯರಿಂಗ್ ಬಿಟ್ಟ ಕೈ ಸುಮ್ಮನಿರಲಾರದೆ ಚಡಪಡಿಸುವುದನ್ನು ನೋಡಿ ಮಗಳು ಒಂದು ಗೇಮ್ ಕನ್ಸೋಲ್ ಕೊಡಿಸಿದಳು. ಮಾವ ಕಾರ್ ರೇಸಿನಲ್ಲಿ ಮುಳುಗಿಯೇ ಹೋದರು. ಅಳಿಯನ ಮನೆಯಲ್ಲೂ ಅಂಥದ್ದೇ ಒಂದಿತ್ತು.

ಆ ಭಾನುವಾರ ಹೆಂಡತಿ ಕಾಫಿ ಕೊಡುತ್ತಾ ಹೇಳಿದಳು: "ರೀ, ಅಪ್ಪ ಒಪ್ಪಿದಾರೆ. ನಾಲ್ಕು ಗಂಟೆಗೆ ಅವರ ಮನೆಯಿಂದ ಅವರು, ಇಲ್ಲಿಂದ ನೀವು, ಒಂದು ರೇಸ್ ಆಡಬೇಕಂತೆ. ಆಟ ಮುಗಿದ ಮೇಲೆ ಅವರೇ ಫೋನ್ ಮಾಡ್ತಾರೆ. ಒಂದೇ ಮಾತು. ನೀವು ಸೋಲಬೇಕು."

"ಸೋಲೋದನ್ನ ನನಗೆ ಬಿಡು," ಎಂದ ಅಳಿಯ.

ಊಟ ಮುಗಿಸಿ ಕನ್ಸೋಲ್ ಆನ್ ಮಾಡಿದರೆ, ವೈಫೈ ಸಿಗುತ್ತಿಲ್ಲವೆಂದು ಟಿವಿಯ ಮೇಲೆ ಅಕ್ಷರ ಮೂಡಿತು. ಫೋನಿಗೆ ಸಿಗುತ್ತಿತ್ತು, ಕನ್ಸೋಲಿಗೆ ಮಾತ್ರ ಇಲ್ಲ. ಆಫ್ ಮಾಡಿ ಆನ್ ಮಾಡಿದ. ಪಾಸ್‌ವರ್ಡನ್ನು ಮತ್ತೆ ಮತ್ತೆ ಒತ್ತಿದ. ಕನ್ಸೋಲು ಮುನಿಸಿಕೊಂಡ ಮಗುವಿನ ಹಾಗೆ ತುಟಿ ಬಿಚ್ಚಲಿಲ್ಲ. ಒಳಗೆ ಹಲ್ಲಿನ ಚಕ್ರವೋ ಸ್ಪ್ರಿಂಗೋ ಇದ್ದಿದ್ದರೆ ಅವನು ಕಣ್ಣುಮುಚ್ಚಿ ಸರಿಮಾಡುತ್ತಿದ್ದ. ಗಾಳಿಯಲ್ಲಿ ಬರುವುದನ್ನು ಚಿಮಟದಲ್ಲಿ ಹಿಡಿಯುವುದು ಹೇಗೆ?

ಪಕ್ಕದ ಮನೆಯ ಪ್ಲಂಬರ್ ಕಿಟಕಿಯಲ್ಲಿ ಇಣುಕಿ ವಿಷಯ ತಿಳಿದುಕೊಂಡು, ಕರೆಯುವ ಮೊದಲೇ ಒಳಗೆ ಬಂದ. ಟಿವಿಯ ಹಿಂದೆ ನೆಲದ ಮೇಲಿದ್ದ ರೂಟರನ್ನು ನೋಡಿ ಮರುಕದಿಂದ ತಲೆಯಾಡಿಸಿದ.

"ಡಬ್ಬಿ ನೆಲದ ಮೇಲಿದ್ರೆ ಪ್ರೆಶರ್ ಎಲ್ಲಿಂದ ಬರುತ್ತೆ ಸಾರ್? ನೀರಿನ ಟ್ಯಾಂಕನ್ನ ಯಾರಾದರೂ ನೆಲದ ಮೇಲಿಡ್ತಾರಾ?"

ರೂಟರು ಅಟ್ಟ ಹತ್ತಿತು, ಹಳೆಯ ಸೂಟ್‌ಕೇಸುಗಳ ಮೇಲೆ ಕೂತಿತು. ಅದರ ವೈರು ಸಾಲದೆ ಪ್ಲಂಬರ್ ತನ್ನ ಮನೆಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ತಂದ. ಕನ್ಸೋಲು ಜಗ್ಗಲಿಲ್ಲ.

ಮೇಲೆ ಕೆಳಗೆ ಸಾಮಾನು ಎಳೆದ ಸದ್ದಿಗೆ ಮಹಡಿಯ ಮನೆಯ ನಿವೃತ್ತ ಹೆಡ್‌ಮಿಸ್ಸು ಇಳಿದು ಬಂದರು. ಅವರು ಕೋಣೆಯನ್ನು ತರಗತಿಯ ಹಾಗೆ ಒಮ್ಮೆ ನೋಡಿ, ಮೂಲೆಯ ಮೀನಿನ ತೊಟ್ಟಿಯತ್ತ ಬೆರಳು ಮಾಡಿದರು.

"ಅದನ್ನ ಹೊರಗೆ ಹಾಕಿ. ನೀರು ಸಿಗ್ನಲನ್ನ ಕುಡಿದುಬಿಡುತ್ತೆ."

"ಅದೂ ಸರಿಯೇ," ಎಂದ ಪ್ಲಂಬರ್, ನೀರಿನ ವಿಷಯದಲ್ಲಿ ಬೇರೆಯವರು ಮಾತಾಡಿದ್ದು ಸ್ವಲ್ಪ ಇರುಸುಮುರುಸಾದರೂ.

ಇಬ್ಬರು ಗಂಡಸರು ತೊಟ್ಟಿಯನ್ನು ಎತ್ತಿ ಬಚ್ಚಲುಮನೆಗೆ ಸಾಗಿಸಿದರು. ಅರ್ಧ ನೀರು ಅಳಿಯನ ಪ್ಯಾಂಟಿಗೆ ಬಿತ್ತು. ಮೀನುಗಳು ಬಾಡಿಗೆಮನೆ ಖಾಲಿ ಮಾಡಿಸಿಕೊಂಡವರಂತೆ ಅವನನ್ನೇ ನೋಡುತ್ತಿದ್ದವು. ಅಷ್ಟಾದರೂ ಟಿವಿಯ ಮೇಲೆ ಅದೇ ಅಕ್ಷರ.

"ರೀ, ಹೊತ್ತಾಗ್ತಾ ಬಂತು," ಎಂದಳು ಹೆಂಡತಿ. "ಅಪ್ಪ ಬಸ್ಸನ್ನೇ ಒಂದು ದಿನ ತಡ ಮಾಡಿದವರಲ್ಲ."

ಹೆಡ್‌ಮಿಸ್ಸು ಸ್ಟೂಲು ಹತ್ತಿದರು. ತಲೆಯಿಂದ ಒಂದು ಹೇರ್‌ಪಿನ್ ತೆಗೆದು ರೂಟರಿನ ಬೆನ್ನಿನ ಸಣ್ಣ ತೂತಿಗೆ ಚುಚ್ಚಿ ಒತ್ತಿ ಹಿಡಿದರು. ಅದರ ದೀಪಗಳೆಲ್ಲ ಒಟ್ಟಿಗೆ ಆರಿದವು.

"ಏನು ಮಾಡಿದ್ರಿ ಮೇಡಂ?"

"ಕಲಿತದ್ದನ್ನೆಲ್ಲ ಮರೆಸಿದೆ. ಇನ್ನು ಮೊದಲಿನಿಂದ ಕಲೀಲಿ."

ರೂಟರು ತನ್ನ ಹೆಸರು, ಪಾಸ್‌ವರ್ಡು ಎರಡನ್ನೂ ಮರೆತು ಮತ್ತೆ ಹುಟ್ಟಿತು. ಹೊಸ ಪಾಸ್‌ವರ್ಡು ಅದರ ಹೊಟ್ಟೆಯ ಚೀಟಿಯಲ್ಲಿ ಇರುವೆ ಸಾಲಿನಂತೆ ಅಚ್ಚಾಗಿತ್ತು. ಯಾರ ಕಣ್ಣಿಗೂ ಅದು ಹತ್ತಲಿಲ್ಲ. ಅಳಿಯ ತನ್ನ ರಿಪೇರಿ ಪೆಟ್ಟಿಗೆಯಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು, ಒಂದೊಂದೇ ಅಕ್ಷರ ಓದಿದ. ಹೆಂಡತಿ ಒತ್ತುತ್ತಾ ಹೋದಳು.

ಕನ್ಸೋಲಿಗೆ ವೈಫೈ ಸಿಕ್ಕಿತು. ಹೆಡ್‌ಮಿಸ್ಸು ಹೇರ್‌ಪಿನ್ನನ್ನು ಮತ್ತೆ ತಲೆಗೆ ಸಿಕ್ಕಿಸಿಕೊಂಡರು, ಕತ್ತಿಯನ್ನು ಒರೆಗೆ ಸೇರಿಸುವ ಹಾಗೆ.

ಸರಿಯಾಗಿ ನಾಲ್ಕಕ್ಕೆ ಟಿವಿಯ ಮೇಲೆ ಮಾವನ ಕೆಂಪು ಕಾರು ಬಂದು ನಿಂತಿತು. ಅಳಿಯನದು ನೀಲಿ. ಪ್ಲಂಬರ್ ನೆಲದ ಮೇಲೆ, ಹೆಡ್‌ಮಿಸ್ಸು ಕುರ್ಚಿಯಲ್ಲಿ, ಹೆಂಡತಿ ಗಂಡನ ಬೆನ್ನ ಹಿಂದೆ.

ಅಳಿಯ ಚೆನ್ನಾಗಿಯೇ ಸೋಲತೊಡಗಿದ. ತಿರುವುಗಳಲ್ಲಿ ಬೇಲಿಗೆ ಗುದ್ದಿದ, ಸೇತುವೆಯ ಮೇಲೆ ಸುಮ್ಮನೆ ಒಂದು ಸುತ್ತು ಹೊಡೆದ. ಆದರೂ ಕೆಂಪು ಕಾರು ಅಷ್ಟೇನೂ ದೂರ ಹೋಗಲಿಲ್ಲ. ವಯಸ್ಸಾಯಿತಲ್ಲ ಅಂದುಕೊಂಡ. ಕೊನೆಯ ಸುತ್ತಿನಲ್ಲಿ ಗೆಲುವಿನ ಗೆರೆಗೆ ಒಂದು ಕಾರಿನಷ್ಟು ಜಾಗ ಉಳಿದಿರುವಾಗ ಕೆಂಪು ಕಾರು ಗಕ್ಕನೆ ನಿಂತುಬಿಟ್ಟಿತು. ನೀಲಿ ಕಾರೂ ಅದರ ಪಕ್ಕದಲ್ಲಿ ನಿಂತಿತು.

ಅಳಿಯ ಕಾದ. ಕೆಂಪು ಕಾರು ಅಲ್ಲಾಡಲಿಲ್ಲ. ಹಿಂದೆ ಸರಿದು ದಾರಿ ಬಿಟ್ಟ. ಅದು ಅಲ್ಲೇ ಇತ್ತು.

"ನಿಂತುಹೋಯ್ತು," ಎಂದ ಪ್ಲಂಬರ್. "ಲೈನಲ್ಲಿ ಗಾಳಿ ಸೇರಿಕೊಂಡಿದೆ ಸಾರ್."

"ಸಿಗ್ನಲ್ ಹೋಗಿದೆ ಅಂತ ಕಾಣುತ್ತೆ," ಎಂದರು ಹೆಡ್‌ಮಿಸ್ಸು.

ಇಷ್ಟು ಮಾಡಿ ದಡದಲ್ಲಿ ಮುಳುಗುವುದೇ? ಮಧ್ಯಾಹ್ನದಿಂದ ಕಲಿತ ವಿದ್ಯೆಯೆಲ್ಲ ಒಟ್ಟಿಗೆ ನೆನಪಾಗಿ ಅವನು ಸ್ಟೂಲಿಗೆ ಹಾರಿದ. "ರೀ, ಬೇಡ," ಎಂದು ಹೆಂಡತಿ ಕೂಗುವಷ್ಟರಲ್ಲಿ ರೂಟರಿನ ಪ್ಲಗ್ ಕಿತ್ತು, ಉಸಿರು ಬಿಟ್ಟು, ಮತ್ತೆ ಹಾಕಿದ.

ದೀಪಗಳು ಬಂದಾಗ ಟಿವಿಯಲ್ಲಿ ರೇಸು ಮುಗಿದಿತ್ತು. ಎದುರಾಳಿ ಗೆದ್ದಿದ್ದಾರೆಂದೂ ನೀವು ಆಟ ಬಿಟ್ಟು ಹೋದಿರೆಂದೂ ಬರೆದಿತ್ತು.

"ಸೋತೆ," ಎಂದ ಅಳಿಯ ಸಮಾಧಾನದಿಂದ. "ಹೇಗೋ ಸೋತೆನಲ್ಲ."

ಹೆಂಡತಿ ತಲೆ ಮೇಲೆ ಕೈಹೊತ್ತು ಕೂತಿದ್ದಳು. ಫೋನ್ ಬಡಿದುಕೊಂಡಿತು. ಅವಳು ಎತ್ತಿದಳು. ಮಾವನ ದನಿ ಸ್ಪೀಕರ್ ಇಲ್ಲದೆಯೇ ಕೋಣೆಗೆಲ್ಲ ಕೇಳಿಸಿತು.

"'ಅಪ್ಪಾ ನೀವು ಸೋತುಬಿಡಿ, ಅವರು ಸರಿಹೋಗ್ತಾರೆ' ಅಂತ ನೀನೇ ತಾನೇ ಬೆಳಿಗ್ಗೆ ಹೇಳಿದ್ದು? ನಿನಗೋಸ್ಕರ ಗೆರೆ ಮುಂದೆ ಬ್ರೇಕ್ ಒತ್ತಿ ಕೂತಿದ್ದೆ ಕಣಮ್ಮಾ, ಹೋಗಪ್ಪಾ ಹೋಗು ಅಂತ. ಮುಖದ ಮೇಲೆ ಬಾಗಿಲು ಹಾಕಿದ ಹಾಗೆ ಎದ್ದು ಹೋದನಲ್ಲ. ಸೋಲೋದಕ್ಕೂ ಬಿಡದ ಅಳಿಯ ಇನ್ನು ಮಾತಿಗೆಲ್ಲಿ ಬಿಟ್ಟಾನು?"

ಅಳಿಯ ಸ್ಟೂಲಿನ ಮೇಲೇ ನಿಂತಿದ್ದ. ಅವನ ಪಕ್ಕದಲ್ಲಿ ರೂಟರಿನ ದೀಪಗಳು ಒಂದೂ ತಪ್ಪದೆ ಹಸಿರಾಗಿ ಉರಿಯುತ್ತಿದ್ದವು.