ಕಾರಿನ ಮೇಲೊಂದು ಕೂಸು

ಒಂದು ಕಾರು, ಒಂದು ದಿನ, ಎರಡು ಕೆಲಸ. ಈ ಯೋಜನೆಯಲ್ಲಿ ಯಾವ ದೋಷವೂ ಇರಲಿಲ್ಲ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಕೇಳುವವರು ಮನೆಯಲ್ಲಿ ಯಾರೂ ಇಲ್ಲ, ಅಷ್ಟೆ.

ನಮ್ಮದು ಬೆಟಗೇರಿಯ ಹಳೆಯ ಓಣಿ. ಬಸವ ಜಯಂತಿಯ ಸಂಜೆ ಓಣಿಯ ಹೆಣ್ಣುಮಕ್ಕಳೆಲ್ಲ ಗುಡಿಯ ಮುಂದೆ ಸೇರಿ, ಬಾಲ ಬಸವಣ್ಣನ ಪುಟ್ಟ ಮೂರ್ತಿಯನ್ನು ತೊಟ್ಟಿಲಿಗೆ ಹಾಕಿ ಜೋಗುಳ ಹಾಡುತ್ತಾರೆ. ಈ ಸಲ ತೊಟ್ಟಿಲ ಕಾಲು ಅಲುಗಾಡುತ್ತಿದೆ ಎಂದು ಅದನ್ನು ಲಕ್ಷ್ಮೇಶ್ವರದ ಬಡಿಗೇರರ ಹತ್ತಿರ ದುರಸ್ತಿಗೆ ಕಳಿಸಿದ್ದರು. ಹಬ್ಬದ ದಿನವೇ ಅದು ಸಿದ್ಧವಾಗುವುದಿತ್ತು. ತರಲು ಒಂದು ಟೆಂಪೊ ಕಳಿಸೋಣ ಎಂದು ಹಿರಿಯರು ಮಾತಾಡುತ್ತಿದ್ದಾಗ ನಾನು ಎದ್ದು ನಿಂತೆ.

"ಟೆಂಪೊ ಯಾಕ್ರಿ? ಸೂಟಿ ಬಿಟ್ಟೈತಿ, ಹುಡುಗರನ್ನ ಎಲ್ಲೆರ ತಿರುಗಾಡಿಸಿಕೊಂಡು ಬರಬೇಕು ಅಂತ ಮೊದಲ ಇತ್ತು. ಲಕ್ಷ್ಮೇಶ್ವರಕ್ಕ ಹೋಗಿ, ಶಿರಹಟ್ಟಿ ಮ್ಯಾಲೆ ಹಾದು, ತೊಟ್ಟಿಲಾನೂ ತಗೊಂಡು ಬರ್ತೀನಿ."

ಹಿರಿಯರು ನನ್ನ ಮುಖ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನು ನಾನು ಮೆಚ್ಚುಗೆ ಎಂದು ತಿಳಿದೆ.

ನನ್ನ ಹೆಂಡತಿ ಗಿರಿಜಾ ಮಾತ್ರ ಅಂದೇ ರಾತ್ರಿ ಎಚ್ಚರಿಕೆ ಕೊಟ್ಟಳು. ಕಾರಣವಿತ್ತು. ಇಷ್ಟು ವರ್ಷ ತೊಟ್ಟಿಲ ಹತ್ತಿರ ನಿಂತು ಹಾಡುತ್ತಿದ್ದವರು ನಮ್ಮ ಎದುರುಮನೆಯ ಗಂಗಕ್ಕ. ಈ ಸಲ ಅವರೇ "ನನ್ನ ದನಿ ಒಡದೈತಿ, ಗಿರಿಜಾ ಹಾಡ್ಲಿ" ಎಂದಿದ್ದರು. ಮದುವೆಯಾಗಿ ಬಂದಾಗಿನಿಂದ ಇವಳು ಕಾಯುತ್ತಿದ್ದ ಜಾಗ ಅದು. ತಿಂಗಳಿಂದ ಅಡುಗೆಮನೆಯಲ್ಲಿ ತಾಲೀಮು ನಡೆದಿತ್ತು. ಅವಳು ಜೋಗುಳ ಹಾಡುತ್ತ ರೊಟ್ಟಿ ಬಡಿದರೆ ನಮ್ಮ ನಾಲ್ಕು ವರ್ಷದ ಮಲ್ಲು ತಾಟಿನ ಮುಂದೆಯೇ ತೂಕಡಿಸುತ್ತಿದ್ದ.

"ದೀಪಾ ಹಚ್ಚೂದ್ರಾಗ ತೊಟ್ಟಿಲಾ ಗುಡಿ ಮುಂದ ಇರಬೇಕು ನೋಡ್ರಿ. ತಡಾ ಆದ್ರ ನಾ ನಿಮ್ಮ ಜೋಡಿ ಮಾತಾಡಂಗಿಲ್ಲ."

"ನನ್ನ ಮ್ಯಾಲೆ ಬಿಡು" ಎಂದೆ. ನನ್ನ ಸಂಸಾರದಲ್ಲಿ ಅತಿ ಹೆಚ್ಚು ಹಾನಿ ಮಾಡಿದ ವಾಕ್ಯ ಇದೇ.

ಹಬ್ಬದ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಡುವಾಗ ನನ್ನವ್ವ, ಮಕ್ಕಳ ಆಯಿ, ಒಂದು ಚೀಲ ಹಿಡಿದು ಬಂದಳು. ಒಳಗೆ ಒರಳಿನ ಗುಂಡಕಲ್ಲು, ಅದರ ಜೊತೆ ಮಲ್ಲು ಕೂಸಾಗಿದ್ದಾಗ ತಲೆಗೆ ಹಾಕುತ್ತಿದ್ದ ಕುಂಚಿಗೆ.

"ಲೇ ಈರಣ್ಣ, ಖಾಲಿ ತೊಟ್ಟಿಲಾ ತರಬಾರದು. ಈ ಕಲ್ಲಿಗೆ ಕುಂಚಿಗಿ ಹಾಕಿ, ಕೂಸಿನಂಗ ಸುತ್ತಿ, ತೊಟ್ಟಿಲದಾಗ ಮಲಗಿಸಿ ತಗೊಂಡ ಬಾ. ಮರೀಬ್ಯಾಡ."

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಪದ್ಧತಿಯೇ. ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗುವುದು ಗುಂಡಕಲ್ಲು. ನಾನು ಭಕ್ತಿಯಿಂದ ಚೀಲ ಇಸಿದುಕೊಂಡೆ. ಇಸಿದುಕೊಳ್ಳುವಾಗ ಅದು ಜಾರಿ ನನ್ನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಕಲ್ಲಿಗೆ ಏನೂ ಆಗಲಿಲ್ಲ.

ಲಕ್ಷ್ಮೇಶ್ವರದವರೆಗೆ ಎಲ್ಲವೂ ಸುಸೂತ್ರ. ಮಕ್ಕಳಿಗೆ ಹಳೆಯ ಗುಡಿ ತೋರಿಸಿದೆ. ಅವರಿಗೆ ಗುಡಿಗಿಂತ ಗುಂಡಕಲ್ಲಿನ ಮೇಲೆ ಪ್ರೀತಿ. ಶಾಲೆಯಲ್ಲಿ ಎರಡನೆಯ ಇಯತ್ತೆ ಮುಗಿಸಿದ ಮಗಳು ಸಿಂಚನಾ ತನ್ನವ್ವನ ಕಾಡಿಗೆ ಡಬ್ಬಿಯಿಂದ ಕಲ್ಲಿಗೆ ಕಣ್ಣು, ಹುಬ್ಬು, ಗಲ್ಲದ ಮೇಲೆ ದೃಷ್ಟಿಬೊಟ್ಟು ಬರೆದಳು. ಅಲ್ಲಿಂದ ನಮ್ಮ ಕಾರಿನಲ್ಲಿ ಅದಕ್ಕೆ ಕಲ್ಲು ಎನ್ನುವವರಿಲ್ಲ. "ಕೂಸಿಗೆ ಸೆಕಿ ಆಗಾಕತ್ತೈತಿ", "ಕೂಸಿಗೆ ಕಿಡಕಿ ಬೇಕಂತ" ಎಂದೇ ಮಾತು. ನಾನೂ "ಕೂಸಿನ್ನ ಸರಸ್ರಿ, ಗೇರ್ ಹಾಕಬೇಕು" ಎನ್ನತೊಡಗಿದೆ.

ಬಡಿಗೇರರು ತೊಟ್ಟಿಲಿಗೆ ಕೆಂಪು, ಹಸಿರು, ಹಳದಿ ಬಣ್ಣ ಹಚ್ಚಿ ಮದುಮಗಳ ಹಾಗೆ ಮಾಡಿಟ್ಟಿದ್ದರು. ಅದು ಕಾರಿನೊಳಗೆ ಹಿಡಿಯಲಿಲ್ಲ. ಹಿಡಿಯುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ಹಗ್ಗ ತಂದಿದ್ದೆ. ತೊಟ್ಟಿಲನ್ನು ಕಾರಿನ ತಲೆಯ ಮೇಲೆ ಏರಿಸಿ, ಸುತ್ತಿದ ಗುಂಡಕಲ್ಲನ್ನು ಅದರಲ್ಲಿ ಮಲಗಿಸಿ, ಗಂಟಿನ ಮೇಲೆ ಗಂಟು ಹಾಕಿದೆ.

"ಕಲ್ಲು ನನ್ನ ಕಾಲಾಗ ಇಡ್ರಿ" ಎಂದಳು ಗಿರಿಜಾ.

"ಪದ್ಧತಿ ಅಂದ್ರ ಪದ್ಧತಿ. ಮ್ಯಾಲೆ ಭಾರ ಇದ್ರ ತೊಟ್ಟಿಲಾ ಗಾಳಿಗೆ ಹಾರೂದಿಲ್ಲ. ಇದರಾಗ ವಿಜ್ಞಾನ ಐತಿ."

ಶಿರಹಟ್ಟಿ ದಾಟುವ ಮೊದಲು ಬೇವಿನ ಮರದ ಕೆಳಗೆ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಮೊಸರನ್ನ ಉಂಡೆವು. ಮಕ್ಕಳು ನೆರಳಿನಲ್ಲಿ ಆಡಿದರು. ಕಾರು ಮಾತ್ರ ಬಿಸಿಲಿನಲ್ಲಿ ನಿಂತಿತ್ತು.

ಗದಗಿನ ದಾರಿ ಹಿಡಿದ ಮೇಲೆ ವಿಚಿತ್ರ ಶುರುವಾಯಿತು. ಎದುರಿಗೆ ಬಂದ ಬಸ್ಸಿನ ಕಂಡಕ್ಟರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಎರಡೂ ಕೈ ಬೀಸಿದ. ಹಬ್ಬದ ದಿನ ಅಲ್ಲವೇ, ನಾನೂ ಬೀಸಿದೆ. ಬೈಕಿನವರಿಬ್ಬರು ಬೆನ್ನು ಹತ್ತಿ ಮೇಲೆ ಬೆರಳು ತೋರಿಸಿ ಏನೋ ಕೂಗಿದರು. "ನೋಡು, ತೊಟ್ಟಿಲಾ ಎಷ್ಟು ಚೆಂದ ಅಂತ ಹೇಳಾಕತ್ತಾರ" ಎಂದು ಗಿರಿಜಾಳಿಗೆ ವಿವರಿಸಿ, ಅವರಿಗೆ ಕೈಮುಗಿದು, ಸ್ವಲ್ಪ ವೇಗ ಹೆಚ್ಚಿಸಿದೆ. ಅವರು ಹೌಹಾರಿ ಹಿಂದೆಯೇ ಉಳಿದರು.

ಅವರು ಫೋನು ಮಾಡಿರಬೇಕು. ಮುಂದಿನ ಹಳ್ಳಿಯಲ್ಲಿ ಟ್ರ್ಯಾಕ್ಟರನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಇಡೀ ಊರು ನಿಂತಿತ್ತು. ಕಾರು ನಿಲ್ಲುವುದೇ ತಡ, ಒಬ್ಬಳು ಮುದುಕಿ ನನ್ನ ಕಿಟಕಿಗೆ ಬಂದಳು.

"ಯಪ್ಪಾ, ಕೂಸು ಮ್ಯಾಲೈತಲ್ಲೋ!"

ಬೆಳಿಗ್ಗೆಯಿಂದ ಕೂಸು ಕೂಸು ಎಂದು ಕೇಳಿದ್ದ ಕಿವಿ. ನನಗೆ ಏನೂ ಅನ್ನಿಸಲಿಲ್ಲ. ನಗುತ್ತ ಹೇಳಿದೆ: "ಹೌದ್ರಿ ಯಮ್ಮಾ. ಅದಕ್ಕೇನೂ ಆಗೂದಿಲ್ಲ, ಗಟ್ಟಿ ಐತಿ. ಮುಂಜಾನೆ ನನ್ನ ಕೈಯಾಗಿಂದ ಬಿತ್ತು. ಏನಾತು? ಏನಿಲ್ಲ."

ಜನ ಒಂದು ಹೆಜ್ಜೆ ಹಿಂದೆ ಸರಿದು, ಎರಡು ಹೆಜ್ಜೆ ಮುಂದೆ ಬಂದರು. ಪರಿಸ್ಥಿತಿ ತಿಳಿಯಾಗಲೆಂದು ಸಿಂಚನಾ ಹಿಂದಿನಿಂದ ತಲೆ ಹೊರಗೆ ಹಾಕಿ, "ನಮ್ಮ ಆಯಿ ಅದರಲೆ ದಿನಾ ಖಾರ ಅರೀತಾಳ್ರಿ" ಎಂದಳು.

ನನ್ನನ್ನು ಕಾರಿನಿಂದ ಇಳಿಸಿಕೊಂಡರು. ನಾನಾಗಿ ಇಳಿದೆ ಎಂದು ಹೇಳುವಂತಿಲ್ಲ.

ಆಗ ಗಿರಿಜಾಳಿಗೆ ವಿಷಯ ಹೊಳೆಯಿತು. ನನಗೆ ಇನ್ನೂ ಹೊಳೆದಿರಲಿಲ್ಲ. ಅವಳು ಇಳಿದು "ಅದು ಕೂಸಲ್ರಿ, ಕಲ್ಲು" ಎಂದು ಕೂಗಿದಳು. ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಇನ್ನೂ ಜೋರಾಗಿ ಕೂಗಿದಳು. ಈ ಸಲ ಮುದುಕಿಗೆ ಕೇಳಿಸಿತು.

"ಹೆತ್ತ ಕೂಸಿಗೆ ಕಲ್ಲು ಅನ್ನಾಕತ್ತಾಳ. ಪಾಪ, ಬಾಣಂತಿಗೆ ಥಂಡಿ ನೆತ್ತಿಗೇರೈತಿ. ಕಿವಿ ಕಟ್ರಿ ಮೊದಲ."

ಯಾರೋ ಉಣ್ಣೆಯ ಮಫ್ಲರ್ ತಂದರು. ವೈಶಾಖದ ಬಿಸಿಲಿನಲ್ಲಿ ನನ್ನ ಹೆಂಡತಿಯ ತಲೆ, ಕಿವಿ ಬಿಗಿದು ಕಟ್ಟಿ, ಕಟ್ಟೆಯ ಮೇಲೆ ಕೂರಿಸಿ, ಕುದಿಯುವ ನೀರು ಕುಡಿಸಿದರು. ಮಗ್ಗುಲಿಗೆ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಎಬ್ಬಿಸಿದರು. ಹೊಗೆಯ ನಡುವಿನಿಂದ "ಕಲ್ಲರೀ... ಕಲ್ಲು..." ಎಂಬ ದನಿ ಬರುತ್ತಲೇ ಇತ್ತು. ಪ್ರತಿ ಸಲ ಸ್ವಲ್ಪ ಒಡೆದು ಬರುತ್ತಿತ್ತು. ಅಷ್ಟರಲ್ಲಿ ನನಗೂ ಹೊಳೆದು ನಾನೂ ಕೂಗಿದೆ. ಆದರೆ ಆ ಹೊತ್ತಿಗೆ ನನ್ನ ಮಾತಿಗೆ ಬೆಲೆ ಕೊಡುವವರು ಆ ಊರಿನಲ್ಲಿ ಉಳಿದಿರಲಿಲ್ಲ.

ಪೈಲ್ವಾನನಂಥವನೊಬ್ಬ ಕಾರಿನ ಮೇಲೆ ಹತ್ತಿ ಹಗ್ಗ ಬಿಚ್ಚಲು ಕೂತ. ನನ್ನ ಗಂಟುಗಳು ಬಿಚ್ಚಲಿಲ್ಲ. ಅಷ್ಟೊಂದು ಆತಂಕದ ನಡುವೆಯೂ ನನಗೆ ಒಂದು ಕ್ಷಣ ಹೆಮ್ಮೆ ಎನಿಸಿತು. ಹೊತ್ತು ಇಳಿಯುತ್ತಿತ್ತು. ಕೊನೆಗೆ ಅವನು ಹಗ್ಗದ ಸಂದಿನಿಂದ ಕೈ ತೂರಿಸಿ ಮುಟ್ಟಿ ನೋಡಿ ಚೀರಿದ.

"ಯವ್ವಾ, ಕೂಸಿನ ಮೈ ಸುಡಾಕತ್ತೈತಿ. ಜ್ವರಾ ಬಂದೈತಿ."

ಮಧ್ಯಾಹ್ನವೆಲ್ಲ ಬಿಸಿಲಿನಲ್ಲಿ ಕಾದ ಕಲ್ಲು ಮತ್ತೆ ಹೇಗಿರಬೇಕು? ಹೆಂಗಸರು ಅಳತೊಡಗಿದರು. ಒಬ್ಬ ಕುಡಗೋಲು ತಂದು ಹಗ್ಗ ಕೊಯ್ದ. ಪೈಲ್ವಾನ ಕೂಸನ್ನು ಎತ್ತಿದ. "ಎಷ್ಟು ಭಾರ ಐತಿ" ಎಂದು ಅವನು ಅಂದಿದ್ದನ್ನು ನಾನು ಸ್ಪಷ್ಟವಾಗಿ ಕೇಳಿದೆ. ಮುದುಕಿ ಅದನ್ನು ಉಡಿಯಲ್ಲಿ ಹಾಕಿಕೊಂಡು, ಗಾಬರಿಯಿಂದ ಕುಂಚಿಗೆ ಸರಿಸಿದಳು. ದೃಷ್ಟಿಬೊಟ್ಟು ಇಟ್ಟುಕೊಂಡ ಗುಂಡಕಲ್ಲು ಕಾಡಿಗೆ ಕಣ್ಣು ಬಿಟ್ಟು ಅವಳನ್ನೇ ನೋಡಿತು.

ಅಳುತ್ತಿದ್ದ ಹೆಂಗಸರು ಮುಂದೆ ಬಂದು ಬಗ್ಗಿ ನೋಡಿದರು. ಲೋಬಾನ ಇನ್ನೂ ಹೊಗೆಯಾಡುತ್ತಿತ್ತು.

"ಈಕಿ ಪಾಪ ಮೊದಲಿಂದ ಖರೇನ ಹೇಳಾಕತ್ತಿದ್ಲು" ಎಂದಳು ಮುದುಕಿ. ಆಮೇಲೆ ನನ್ನ ಕಡೆ ತಿರುಗಿ, "ಗಟ್ಟಿ ಐತಿ, ಕೈಯಾಗಿಂದ ಬಿತ್ತು ಅಂದಾವ ನೀನ ಅಲ್ಲ?" ಎಂದು ಕೇಳಿದಳು. ನಾನು ಕಾಲಿನ ಹೆಬ್ಬೆರಳು ನೋಡಿಕೊಂಡೆ.

ಬಾಲ ಬಸವಣ್ಣನ ತೊಟ್ಟಿಲು ಎಂದು ತಿಳಿದ ಮೇಲೆ ಅವರಿಗೆ ಸಿಟ್ಟು ಉಳಿಯಲಿಲ್ಲ. ಆದರೆ ತೊಟ್ಟಿಲಿಗೆ ಕುಂಕುಮ ಹಚ್ಚದೆ, ಮಕ್ಕಳಿಗೆ ಪಾನಕ ಕುಡಿಸದೆ ಬಿಡಲೂ ಇಲ್ಲ. ಹೊಸ ಹಗ್ಗ ಅವರೇ ಕಟ್ಟಿದರು, ನನ್ನನ್ನು ಹತ್ತಿರ ಬಿಡಲಿಲ್ಲ. ಪದ್ಧತಿ ಗಿದ್ಧತಿ ಸಾಕು ಎಂದು ಮುದುಕಿ ಗುಂಡಕಲ್ಲನ್ನು ಕಾರಿನೊಳಗೇ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿಸಿದಳು. ಗಿರಿಜಾ ಮಕ್ಕಳ ಜೊತೆ ಹಿಂದೆ ಕೂತಳು. ಊರು ಮುಟ್ಟುವವರೆಗೆ ನನ್ನ ಮಗ್ಗುಲಿಗೆ ಇದ್ದದ್ದು ಆ ಕಲ್ಲು ಮಾತ್ರ.

ನಾವು ಬೆಟಗೇರಿ ಮುಟ್ಟಿದಾಗ ದೀಪ ಹಚ್ಚಿ ಆಗಿತ್ತು. ಕಾದು ಸಾಕಾಗಿ ಹೆಂಗಸರು ಗುಡಿಯ ಕಂಬಗಳಿಗೆ ಸೀರೆಯ ಜೋಲಿ ಕಟ್ಟುತ್ತಿದ್ದರು. ತೊಟ್ಟಿಲು ಕಂಡದ್ದೇ ಜೋಲಿ ಬಿಚ್ಚಿದರು. ಮೂರ್ತಿಯನ್ನು ಮಲಗಿಸಿದರು. ಗಂಗಕ್ಕ ಗಿರಿಜಾಳ ಕೈ ಹಿಡಿದು ತೊಟ್ಟಿಲ ಹತ್ತಿರ ನಿಲ್ಲಿಸಿ, "ಹಾಡವಾ" ಎಂದರು. ಅಬ್ಬಾ, ಮುಟ್ಟಿಸಿದೆನಲ್ಲ ಎಂದು ನಾನು ಬೆವರು ಒರೆಸಿಕೊಂಡೆ.

ಗಿರಿಜಾ ಬಾಯಿ ತೆರೆದಳು. ಎಣ್ಣೆ ಕಾಣದ ಬಾಗಿಲು ತೆರೆದಂತೆ ಒಂದು ಸದ್ದು ಬಂತು. ಇನ್ನೊಮ್ಮೆ ಪ್ರಯತ್ನಿಸಿದಳು. ಆ ಸದ್ದೂ ಬರಲಿಲ್ಲ. ಅವಳ ಕಣ್ಣಲ್ಲಿ ನೀರು ನಿಂತಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಿಜವಾಗಿಯೂ ಎನಿಸಿತು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, ನನ್ನ ಕಡೆ ಬೆರಳು ತೋರಿಸಿ, ಪಿಸುದನಿಯಲ್ಲಿ ಗಂಗಕ್ಕನಿಗೆ ಹೇಳಿದಳು.

"ಅವರ ಹಾಡ್ತಾರ. ತಿಂಗಳಿಂದ ದಿನಾ ಕೇಳ್ಯಾರ."

ಇಡೀ ಓಣಿ ನನ್ನನ್ನು ನೋಡಿತು. ಹೆಂಡತಿಯ ಆಸೆ ಮುರಿದ ಗಂಡಸಿಗೆ ಆಗುವುದಿಲ್ಲ ಎನ್ನುವ ಹಕ್ಕು ಎಲ್ಲಿದೆ? ನಾನು ತೊಟ್ಟಿಲ ಹಗ್ಗ ಹಿಡಿದು ಜೋ ಜೋ ಎಂದು ಸುರು ಮಾಡಿದೆ. ಮೊದಲ ಸಾಲಿಗೇ ಓಣಿಯ ಮಲಗಿದ್ದ ಕೂಸುಗಳೆಲ್ಲ ಎದ್ದು ಅತ್ತವು. ಎರಡನೆಯ ಸಾಲಿಗೆ ಮಲ್ಲು ಓಡಿಹೋಗಿ ಆಯಿಯ ಹಿಂದೆ ಅಡಗಿದ. ಬಾಲ ಬಸವಣ್ಣ ಮಾತ್ರ ಅಳಲಿಲ್ಲ. ಹಿತ್ತಾಳೆಯ ಮೂರ್ತಿ, ತಡೆದುಕೊಂಡ.

ಮೂರನೆಯ ಸಾಲಿಗೆ ಗಿರಿಜಾ ನಕ್ಕಳು. ದನಿಯಿಲ್ಲದ ನಗು, ಹೊಟ್ಟೆ ಹಿಡಿದುಕೊಂಡು. ಮುಂದಿನದನ್ನು ಒಡೆದ ದನಿಯ ಗಂಗಕ್ಕನೇ ಹಾಡಿ ಮುಗಿಸಿ, "ಬರೂ ವರ್ಷನೂ ಈ ಜಾಗಾ ಗಿರಿಜಾಂದ" ಎಂದು ಎಲ್ಲರ ಮುಂದೆ ಹೇಳಿದರು.

ಅದನ್ನು ಕೇಳಿದ ಹಿರಿಯರೊಬ್ಬರು, ಬರುವ ವರ್ಷ ತೊಟ್ಟಿಲು ದುರಸ್ತಿಗೆ ಹೋದರೆ ಟೆಂಪೊ ಕಳಿಸುವುದೆಂದು ಅಲ್ಲಿಯೇ ತೀರ್ಮಾನ ಹೇಳಿಬಿಟ್ಟರು. "ಆದ್ರ ಖಾಲಿ ತೊಟ್ಟಿಲಾ ತರೂಹಂಗಿಲ್ಲ. ಗುಂಡಕಲ್ಲು ನೀವ ಕೊಡ್ರಿ ಯಕ್ಕಾ" ಎಂದರು ನನ್ನವ್ವನಿಗೆ.

ನನ್ನವ್ವ ಕಾರಿನಿಂದ ಇಳಿಸಿಕೊಂಡ ಕಲ್ಲನ್ನು ಕುಂಚಿಗೆಯ ಸಮೇತ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅದನ್ನೊಮ್ಮೆ ನೋಡಿದಳು. ನನ್ನನ್ನೊಮ್ಮೆ ನೋಡಿದಳು.

"ಇದನ್ನ ಕೊಡಂಗಿಲ್ಲಪಾ, ಮನ್ಯಾಗ ಕೆಲಸಕ್ಕ ಬರ್ತೈತಿ" ಎಂದಳು. "ನಮ್ಮ ಈರಣ್ಣನ್ನ ಮಲಗಿಸ್ರಿ."