ಹಿರಿಯರು ಎಳೆದ ಗೆರೆ

ನಾನು ಹುಟ್ಟಿದ ಬೆಟಗೇರಿಯಲ್ಲಿ ಕೆಲವರ ಚಾಳಿಗೆಂದೇ ಒಂದು ಮಾತಿತ್ತು. ಉಸ್ತು... ಉಸ್ತುವಾರಿ? ಅಲ್ಲ, ಅದು ಒಳ್ಳೆಯ ಮಾತು. ಉಸ... ಉಸಾ... ಹಾಂ, ಉಸಾಬರಿ! ತನಗೆ ಸಂಬಂಧವಿಲ್ಲದ ಕಡೆ ತಲೆ ಹಾಕುವುದು. ಮದುವೆಯಾಗಿ ಪೀಣ್ಯಕ್ಕೆ ಬಂದು ಇಲ್ಲೇ ಮುದುಕಿಯಾದೆ, ಊರಿನ ಮಾತುಗಳು ಬಾಯಲ್ಲಿ ಸವೆದುಹೋದವು. ಆದರೆ ಈ ಮಾತಿಗೆ ತಕ್ಕ ಜನರಿಗೆ ಇಲ್ಲೂ ಬರವಿಲ್ಲ. ನಾಲ್ಕು ಜನ ಹುಡುಗರು ಕೂತು ನಗುವ ಕಡೆ ಒಬ್ಬರು ಬಂದು “ಯಾಕೆ ನಗ್ತಿದೀರಿ?” ಅಂತ ಕೇಳಿಯೇ ಕೇಳುತ್ತಾರೆ.

ನಮ್ಮ ಪಾಲಿಗೆ ಬಂದವರು ಚರ್ಚಿನ ಆಡಳಿತ ನೋಡುವ ಸಭಾ ಹಿರಿಯರೊಬ್ಬರು. ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಕಾರ್ಖಾನೆ ಶೆಡ್ಡುಗಳ ನಡುವೆ ಶೀಟು ಹೊದಿಸಿದ ಚಿಕ್ಕ ಚರ್ಚು ನಮ್ಮದು. ಪಾದ್ರಿ ಅಯ್ಯನವರು ತಿಂಗಳಿಗೊಮ್ಮೆ ಸಿಟಿಯಿಂದ ಬರುತ್ತಿದ್ದರು. ಉಳಿದ ದಿನ ಹಿರಿಯರದ್ದೇ ರಾಜ್ಯ.

ಭಾನುವಾರದ ಆರಾಧನೆ ಮುಗಿದ ಮೇಲೆ ನಾನು ಯುವಜನರ ಕೂಟ ನಡೆಸುತ್ತಿದ್ದೆ. ಲೇತ್ ಯಂತ್ರದ ಮೇಲೆ ಕೆಲಸ ಮಾಡುವ ಹುಡುಗರು, ಊದುಬತ್ತಿ ಹೊಸೆಯುವ, ರೇಡಿಯೋ ಜೋಡಿಸುವ ಹುಡುಗಿಯರು. ಎಲ್ಲೆಲ್ಲಿಂದಲೋ ಬಂದು ಬಾಡಿಗೆ ಕೋಣೆಗಳಲ್ಲಿದ್ದವರು. ಒಬ್ಬ ಹುಡುಗ ಹೇಳಿದ್ದ: “ಅಕ್ಕಾ, ಫ್ಯಾಕ್ಟ್ರೀಲಿ ನನ್ನನ್ನ ಟೋಕನ್ ನಂಬರಲ್ಲೇ ಕರೀತಾರೆ. ಇಲ್ಲಿ ಹೆಸರು ಹಿಡಿದು ಕರೀತೀರಲ್ಲ, ಅದಕ್ಕೇ ಬರ್ತೀನಿ.” ಅದನ್ನು ಕೇಳಿದ ವಾರವೆಲ್ಲ ನಾನು ಮುಸುರೆ ತಿಕ್ಕುವಾಗಲೂ ಹಾಡುತ್ತಿದ್ದೆ.

ಆ ಕೂಟವನ್ನು ಮುಚ್ಚಿಸಬೇಕೆಂದು ಹಿರಿಯರು ಹಟ ಹಿಡಿದಿದ್ದರು. ಕಾರಣ ಒಂದೇ. ಹುಡುಗರೂ ಹುಡುಗಿಯರೂ ಒಟ್ಟಿಗೆ ಕೂತು ಹಾಡುತ್ತಿದ್ದರು. ಈಗ ನೆನೆದರೂ ಮೈ ಉರಿಯುತ್ತದೆ.

೧. ಕುರ್ಚಿ

ನಮ್ಮ ಆರಾಧನೆಯಲ್ಲಿ ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ ಕೂರುವುದು ರೂಢಿ. ಕೂಟದಲ್ಲೂ ಹಾಗೇ ಆಗಬೇಕೆಂದು ಹಿರಿಯರು ಒಂದು ಭಾನುವಾರ ಕುರ್ಚಿ ತಂದು ನಟ್ಟನಡುವೆ ಹಾಕಿಕೊಂಡರು.

“ನೀವು ಪಾಠ ಮಾಡಮ್ಮಾ. ನಾನು ಸುಮ್ನೆ ನೋಡ್ಕೋತಾ ಇರ್ತೀನಿ.”

ಪಾಠ ಶುರುವಾಗುವಷ್ಟರಲ್ಲಿ ಗೊರಕೆ ಶುರುವಾಯಿತು. ಕುರ್ಚಿ ಸಮೇತ ಅವರನ್ನು ಅಂಗಳಕ್ಕೆ ಹೊತ್ತು ಹಾಕುವಷ್ಟು ಸಿಟ್ಟು ನನಗೆ. ಎದ್ದೂ ಬಿಟ್ಟೆ. ಒಬ್ಬಳು ಹುಡುಗಿ ಸೆರಗು ಹಿಡಿದೆಳೆದು, “ಬೇಡ ಅಕ್ಕಾ, ಹೀಗಿದ್ರೇನೇ ಒಳ್ಳೆಯವರು ಕಣಕ್ಕಾ” ಅಂದಳು. ಅವರಿಗೆ ಎಚ್ಚರವಾಗದಿರಲಿ ಎಂದು ಎಲ್ಲರೂ ಹತ್ತಿರ ಸರಿದು, ತಲೆಗೆ ತಲೆ ಕೊಟ್ಟು, ಪಿಸುದನಿಯಲ್ಲೇ ಮೂರು ಕೀರ್ತನೆ ಹಾಡಿ ಮುಗಿಸಿ ಮತ್ತೆ ತಮ್ಮ ತಮ್ಮ ಜಾಗಕ್ಕೆ ಹೋದರು.

ಕೊನೆಯ ಆಮೆನ್‌ಗೆ ಹಿರಿಯರು ಕಣ್ಣು ಬಿಟ್ಟರು. ಆ ಕಡೆ ನೋಡಿದರು, ಈ ಕಡೆ ನೋಡಿದರು. “ಶಿಸ್ತು ಅಂದ್ರೆ ಇದಮ್ಮಾ. ನಾನು ಕೂತ ಮೇಲೆ ಒಬ್ಬರಾದ್ರೂ ಗದ್ದಲ ಮಾಡಿದ್ರಾ?”

೨. ಕ್ರಿಸ್‌ಮಸ್ ನಾಟಕ

ಆ ವರ್ಷ ಕೂಟದ ಮಕ್ಕಳು ಕ್ರಿಸ್‌ಮಸ್‌ಗೆ ನಾಟಕ ಕಲಿತರು. ಪಾಳಿ ಮುಗಿಸಿ, ಕೈಗೆ ಮೆತ್ತಿದ ಗ್ರೀಸು ತೊಳೆದುಕೊಂಡು ಬಂದು ಕಲಿತರು. ಹಬ್ಬ ಹತ್ತಿರ ಬಂದಾಗ ಹಿರಿಯರ ಅಪ್ಪಣೆಯಾಯಿತು: ಯೋಸೇಫ ಗಂಡಸರ ಕಡೆ ನಿಲ್ಲಬೇಕು, ಮರಿಯಳು ಹೆಂಗಸರ ಕಡೆ.

“ಅವರು ಗಂಡ ಹೆಂಡ್ತಿ ಕಣ್ರೀ!” ಎಂದು ಕೂಗಿದೆ.

“ಬೈಬಲಲ್ಲಿ ಇರಬಹುದಮ್ಮಾ. ನಮ್ಮ ಸಭೆಯಲ್ಲಿ ಅವನು ಲೇತಿನ ಹುಡುಗ, ಅವಳು ಊದುಬತ್ತಿ ಹುಡುಗಿ.”

ಹಲ್ಲು ಕಚ್ಚಿಕೊಂಡು ಒಪ್ಪಿದೆ. ಒಪ್ಪದಿದ್ದರೆ ನಾಟಕವೇ ಇಲ್ಲ. ನಜರೇತಿನಿಂದ ಬೇತ್ಲೆಹೇಮಿನವರೆಗೆ ಯೋಸೇಫ ಒಂದು ಗೋಡೆ ಹಿಡಿದು ನಡೆದ, ಮರಿಯಳು ಇನ್ನೊಂದು ಗೋಡೆ ಹಿಡಿದು ನಡೆದಳು. ಮಧ್ಯೆ ಗೋದಲಿಯಲ್ಲಿ ಕೂಸು ಒಂಟಿಯಾಗಿ ಮಲಗಿತ್ತು.

ಚರ್ಚಿನ ಪಕ್ಕದ ಜಮೀನಿನ ಗೌಡರ ತಾಯಿ ಪ್ರತಿ ವರ್ಷ ಕೇಕಿಗೆಂದು ಬರುವವರು, ಮುಂದಿನ ಸಾಲಿನಲ್ಲೇ ಕೂತಿದ್ದರು. ಕುರುಬರು, ಜ್ಞಾನಿಗಳು ಎಲ್ಲ ಬಂದು ಹೋದರೂ ಇವರಿಬ್ಬರೂ ಹತ್ತಿರ ಬರಲಿಲ್ಲವಲ್ಲ ಎಂದು ಅಜ್ಜಿಗೆ ತಡೆಯಲಾಗಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಅಂದರು:

“ಅಲ್ಲಾ, ಊರೋರೆಲ್ಲ ಬಂದು ಕೂಸು ನೋಡ್ಕಂಡು ಓದ್ರು. ಗಂಡ ಎಂಡ್ತಿ ಇನ್ನೂ ರಾಜಿ ಆಗ್ಲಿಲ್ವಾ?”

೩. ನಮ್ಮ ಮನೆಯವರ ರಜೆ

ಅಜ್ಜಿಯ ಮಾತಿಗೆ ಎದ್ದ ನಗುವಿನಿಂದ ಹಿರಿಯರಿಗೆ ಅವಮಾನವಾಯಿತು. ಬೇಸಿಗೆಯ ಒಂದು ಭಾನುವಾರ ಎದ್ದು ನಿಂತು, “ಸಂಸಾರಸ್ಥ ಗಂಡಸಿನ ಜವಾಬ್ದಾರಿ ಇಲ್ಲದ ಈ ಕೂಟ ಇನ್ನು ಬೇಡ” ಅಂದರು.

ನಾನೂ ಎದ್ದೆ. “ನಮ್ಮ ಮನೆಯವರೇ ಜವಾಬ್ದಾರಿ. ಬರೋ ಶನಿವಾರ ನಾವು ಆನೇಕಲ್ ಕಡೆ ಪಿಕ್‌ನಿಕ್ ಹೋಗ್ತಿದೀವಿ. ಕೂಟದವರೆಲ್ಲ ನಮ್ಮ ಜೊತೆ ಬರ್ತಾರೆ. ನೀವೂ ಬನ್ನಿ, ಕಣ್ಣಾರೆ ನೋಡಿ, ಆಮೇಲೆ ಮಾತಾಡಿ.”

ಹೇಳಿ ಕೂತ ಮೇಲೆ ಗಂಡಸರ ಕಡೆ ನೋಡಿದೆ. ನಮ್ಮ ಮನೆಯವರ ಬಾಯಿ ತೆರೆದೇ ಇತ್ತು. ಕಾರ್ಖಾನೆಯಲ್ಲಿ ಫಿಟ್ಟರ್ ಅವರು. ವರ್ಷಕ್ಕೊಂದು ಸಲ ಸಿಗುವ ರಜೆ. ಹೆಂಡತಿ ಮಕ್ಕಳ ಜೊತೆ ಮಾತ್ರ ಹೋಗೋಣ ಎಂದು ಯುಗಾದಿಯಿಂದ ಹೇಳುತ್ತಿದ್ದರು.

ಮನೆಗೆ ಬಂದು ಚಪ್ಪಲಿ ಬಿಡುತ್ತಾ ಅಂದರು: “ನಾನೂ ಮದುವೆ ಆಗಿಲ್ಲ ಅಂತ ಸುಳ್ಳು ಹೇಳಿ ನಿನ್ನ ಕೂಟಕ್ಕೆ ಸೇರ್ಕೋತೀನಿ ಕಣೇ. ವಾರಕ್ಕೊಂದ್ಸಲನಾದ್ರೂ ನನ್ನ ಮುಖ ನೋಡ್ತೀಯ.”

೪. ಹಗ್ಗ

ಶನಿವಾರ ಆನೇಕಲ್ ದಾಟಿ, ಒಂದು ಹಳ್ಳದ ದಂಡೆಯಲ್ಲಿ ವ್ಯಾನು ನಿಲ್ಲಿಸಿದೆವು. ಹಿರಿಯರು ಹೆಂಡತಿಯನ್ನೂ ಕರೆತಂದಿದ್ದರು. ಬೋರ್‌ವೆಲ್ಲಿನಿಂದ ತಲೆಗೊಂದು ಸೊಂಟಕ್ಕೊಂದು ಕೊಡ ಹೊತ್ತು ಬರುವ ಗಟ್ಟಿ ಹೆಂಗಸು. ಆದರೆ ಗಂಡನೆದುರು ಆಕೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಇಳಿದವರೇ ಹಿರಿಯರು ಛತ್ರಿಯ ತುದಿಯಿಂದ ಮರಳಿನಲ್ಲಿ ಉದ್ದಕ್ಕೆ ಗೆರೆ ಎಳೆದರು. “ಈ ಕಡೆ ಗಂಡುಮಕ್ಕಳು, ಆ ಕಡೆ ಹೆಣ್ಣುಮಕ್ಕಳು. ದಾಟಿದವರು ಇನ್ನು ಮೇಲೆ ಕೂಟದ ಬಾಗಿಲು ತುಳಿಯೋ ಹಾಗಿಲ್ಲ.” ಒಬ್ಬೊಬ್ಬರನ್ನೇ ಹೊರಗೆ ಹಾಕಿದರೆ ಕೂಟ ತಾನಾಗಿಯೇ ಮುಚ್ಚುತ್ತದೆ ಎಂಬುದು ಅವರ ಲೆಕ್ಕ.

ಚೆಂಡು ಆಡುವ ಹಾಗಿಲ್ಲ, ಓಡುವ ಹಾಗಿಲ್ಲ. ಬುತ್ತಿಯೆಲ್ಲ ಹುಡುಗಿಯರ ಕಡೆ, ತಟ್ಟೆಗಳೆಲ್ಲ ಹುಡುಗರ ಕಡೆ. ಮಕ್ಕಳ ಮುಖ ಬಾಡಿದ್ದು ನೋಡಿ ನನಗೆ ಕಣ್ಣೀರೇ ಬಂತು, ಅದೂ ಸಿಟ್ಟಿಗೆ. ಆಗ ನಮ್ಮ ಮನೆಯವರು ಪಾತ್ರೆ ಕಟ್ಟಿ ತಂದ ಹಗ್ಗವನ್ನು ಬಿಚ್ಚಿ ತಂದರು. “ಗೆರೆ ದಾಟದೆ ಆಡೋ ಆಟ ಒಂದಿದೆಯಲ್ಲ. ಹಗ್ಗಜಗ್ಗಾಟ! ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ.”

“ಇದು ಮರ್ಯಾದೆಯ ಆಟ” ಎಂದು ಹಿರಿಯರೂ ಒಪ್ಪಿದರು.

ಊದುಬತ್ತಿ ಹೊಸೆದ ಕೈಗಳೆಂದು ಹುಡುಗರು ನಕ್ಕಿದ್ದೇ ತಪ್ಪಾಯಿತು. ಹುಡುಗಿಯರು ಎಳೆಯತೊಡಗಿದರು. ಹಿರಿಯರ ಹೆಂಡತಿ ಸೆರಗು ಸಿಕ್ಕಿಸಿ ಎದ್ದು ಹೋಗಿ ಎಲ್ಲರಿಗಿಂತ ಮುಂದೆ ಹಗ್ಗ ಹಿಡಿದರು. ಹುಡುಗರು ಜಾರುತ್ತಾ ಗೆರೆಯ ಹತ್ತಿರಕ್ಕೇ ಬಂದರು.

“ಥೂ, ಗಂಡಸರ ಮಾನ ಕಳೀತಿದೀರಲ್ಲೋ!” ಎಂದು ಹಿರಿಯರು ಛತ್ರಿ ಬಿಸಾಕಿ, ಪಂಚೆ ಎತ್ತಿ ಕಟ್ಟಿ, ಹುಡುಗರ ಮುಂದೆ ಹೋಗಿ ನಿಂತು ಹಗ್ಗ ಹಿಡಿದರು. ಎದುರಿಗೆ ಹೆಂಡತಿ. ಆಕೆ ಒಮ್ಮೆ ಗಂಡನ ಮುಖ ನೋಡಿದರು, ಹಿಮ್ಮಡಿ ಊರಿದರು, ಎಳೆದರು. ಆ ಎಳೆತದಲ್ಲಿ ಎಷ್ಟು ವರ್ಷದ ಸಂಸಾರವಿತ್ತೋ ಏನೋ! ಹುಡುಗರು ಹಗ್ಗ ಬಿಟ್ಟರು, ಹಿರಿಯರು ಬಿಡಲಿಲ್ಲ. ಗೆರೆ ದಾಟಿ, ಹುಡುಗಿಯರ ಕಡೆ, ಹೊಟ್ಟೆಯ ಮೇಲೆ ಬಿದ್ದರು.

ಎಲ್ಲರ ಕಣ್ಣೂ ಗೆರೆಯ ಮೇಲೆ. ನಾನು ಬಾಯಿ ತೆರೆಯುವ ಮೊದಲೇ ಆಕೆ ಮಾತಾಡಿದರು. ಕೂಟ ಆಮೇಲೆ ವರ್ಷಗಟ್ಟಲೆ ನಡೆಯಿತು, ನಡುವೆ ಕುರ್ಚಿ ಇಲ್ಲದೆ.

ಈಗ ಚರ್ಚಿನವರು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಹಿರಿಯರ ಫೋಟೋ ಕೆಳಗೆ ‘ಯುವಜನರಿಗೆ ಪ್ರೋತ್ಸಾಹ ಕೊಟ್ಟವರು’ ಎಂದು ಹಾಕುತ್ತಾರಂತೆ. ಪ್ರೋತ್ಸಾಹವಂತೆ! ಬಾ ಮೊಮ್ಮಗಳೇ, ಪೆನ್ನು ತಗೋ. ಫೋಟೋ ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ಅದರ ಕೆಳಗೆ ಆ ತಾಯಿ ಅವತ್ತು ಹಗ್ಗ ಕೈಯಲ್ಲಿ ಹಿಡಿದೇ ಹೇಳಿದ್ದೂ ಬರಬೇಕು. ಒಂದಕ್ಷರ ಬಿಡದೆ ಬರೆ:

“ರೀ, ದಾಟಿಬಿಟ್ರಲ್ಲ. ಇನ್ನು ಭಾನುವಾರ ಆರಾಧನೆ ಮುಗಿದ ತಕ್ಷಣ ಸೀದಾ ಮನೆಗೆ ಹೋಗಿ ಅನ್ನಕ್ಕಿಡಿ. ಕೂಟಕ್ಕೆ ನಾನು ಹೋಗ್ತೀನಿ.”